ಆಪಲ್ ಕಚ್ಚಿದ್ದು ಯಾರು?

ಪ್ರಶ್ನೆ: ಟ್ಯಾಗೋರ್ ಬೀಚ್ ಹತ್ರ ಇಟ್ಟಿರೋ ಟುಪೊಲೆವ್ ವಿಮಾನ ನೋಡೋಕೆ ಹೋಗಿದ್ವಿ, ನಮ್ಮ ಭಾವ ಅದರ ಪ್ರೊಪೆಲ್ಲರ್ ತೋರಿಸಿ ಬಿಎಂಡಬ್ಲ್ಯೂ ಲೋಗೋ ಇದೇ ಕಣೋ, ನೀಲಿ ಆಕಾಶದಲ್ಲಿ ತಿರುಗೋ ಫ್ಯಾನು ಅಂದ. ಅವನ ಪ್ರಕಾರ ಆಪಲ್ ಲೋಗೋ ಕೂಡ ಸೈನೈಡ್ ಹಣ್ಣು ತಿಂದು ಸತ್ತ ಕಂಪ್ಯೂಟರ್ ವಿಜ್ಞಾನಿ ಅಲನ್ ಟ್ಯೂರಿಂಗ್ ನೆನಪಿಗಂತೆ. ಬಂಗಡೆ ಫ್ರೈ ಬೆಟ್ ಕಟ್ಟಿದೀವಿ, ನೀವೇ ಹೇಳ್ಬೇಕು.
— ಒಬ್ಬ ಓದುಗ, ಕಾರವಾರ

ಉತ್ತರ: ಭಾವನಿಗೆ ಕತೆ ಹೇಳೋ ಕಲೆ ಚೆನ್ನಾಗಿದೆ ಮಾರಾಯ್ರೆ! ಆದ್ರೆ ಬಿಎಂಡಬ್ಲ್ಯೂ ಲೋಗೋದ ನೀಲಿ-ಬಿಳಿ ಆಕಾಶದ್ದಲ್ಲ, ಜರ್ಮನಿಯಲ್ಲಿ ಕಂಪನಿ ಇರೋ ಬವೇರಿಯಾ ರಾಜ್ಯದ ಬಣ್ಣ. 1917ರಲ್ಲಿ ಲೋಗೋ ರಿಜಿಸ್ಟರ್ ಮಾಡಿಸಿದಾಗ ರಾಜ್ಯದ ಲಾಂಛನಾನ ಟ್ರೇಡ್‌ಮಾರ್ಕಲ್ಲಿ ಹಾಕೋ ಹಾಗಿರಲಿಲ್ಲ, ಅದಕ್ಕೆ ಬಣ್ಣದ ಕ್ರಮ ಉಲ್ಟಾ ಮಾಡಿ ಇಟ್ಕೊಂಡ್ರು. ಸುತ್ತ ಇರೋ ಕಪ್ಪು ಬಳೆ, ಬಿಎಂಡಬ್ಲ್ಯೂ ಆಗೋಕೆ ಮುಂಚೆ ಇದ್ದ ರಾಪ್ ಕಂಪನಿಯ ಲೋಗೋದಿಂದ ಬಂದಿದ್ದು. ಹಾಗಾದ್ರೆ ಫ್ಯಾನು ಎಲ್ಲಿಂದ ಬಂತು ಅಂದ್ರೆ ಕಂಪನಿಯಿಂದಲೇ, ಅವರು ವಿಮಾನದ ಇಂಜಿನ್ ಮಾಡ್ತಿದ್ದೋರು, 1929ರ ಒಂದು ಜಾಹೀರಾತಲ್ಲಿ ತಿರುಗೋ ಪ್ರೊಪೆಲ್ಲರ್ ಮೇಲೆ ಲೋಗೋ ಕೂರಿಸಿದ್ರು, ಜನ ಅದನ್ನೇ ಹುಟ್ಟಿನ ಕತೆ ಮಾಡ್ಕೊಂಡ್ರು. ಅಂದ್ರೆ ಲೋಗೋ ಹುಟ್ಟಿ 12 ವರ್ಷ ಆದ್ಮೇಲೆ ಅದಕ್ಕೆ ಜಾತಕ ಬರೆಸಿದ ಹಾಗೆ.

ಆಪಲ್‌ದಂತೂ ಇನ್ನೂ ಮಜಾ. 1976ರಲ್ಲಿ ಕಂಪನಿ ಶುರು ಮಾಡಿದ ಮೂವರಲ್ಲಿ ಒಬ್ಬನಾದ ರೊನಾಲ್ಡ್ ವೇನ್ ಬರೆದ ಮೊದಲ ಲೋಗೋದಲ್ಲಿ ನ್ಯೂಟನ್ ಮರದ ಕೆಳಗೆ ಕೂತು ಓದ್ತಿದ್ದ, ತಲೆ ಮೇಲೆ ಒಂದು ಹಣ್ಣು. ಹಳೇ ಪಂಚಾಂಗದ ಮುಖಪುಟ ಇದ್ದ ಹಾಗೆ ಅಷ್ಟೊಂದು ಗೆರೆ, ಸಣ್ಣದು ಮಾಡಿದ್ರೆ ಏನೂ ಕಾಣಲ್ಲ. ಮರುವರ್ಷ ಡಿಸೈನರ್ ರಾಬ್ ಜಾನಾಫ್ ಬರೀ ಹಣ್ಣು ಉಳಿಸಿದ. ಕಚ್ಚಿದ್ದು ಯಾಕಂದ್ರೆ ಚಿಕ್ಕದಾಗಿ ಪ್ರಿಂಟ್ ಆದಾಗ ಚೆರ್ರಿ ಅನ್ಕೋಬಾರ್ದು ಅಂತ, ಅಷ್ಟೇ (ನಮ್ಮ ಶಿರಸಿ ಕಡೆಯೋರಾಗಿದ್ರೆ ಮುರುಗಲ ಹಣ್ಣು ಅಂತಿದ್ರು ಬಿಡಿ). ಬಣ್ಣದ ಪಟ್ಟಿ ಬಂದಿದ್ದು ಆಪಲ್-2 ಕಂಪ್ಯೂಟರ್ ಪರದೆ ಮೇಲೆ ಕಲರ್ ತೋರಿಸ್ತಿತ್ತು ಅಂತ. ಟ್ಯೂರಿಂಗ್ 1954ರಲ್ಲಿ ಸೈನೈಡಿಂದ ತೀರ್ಕೊಂಡಿದ್ದು, ಮಂಚದ ಪಕ್ಕ ಅರ್ಧ ತಿಂದ ಸೇಬು ಸಿಕ್ಕಿದ್ದು ನಿಜ, ಆದ್ರೆ ವಿಷ ಆ ಹಣ್ಣಲ್ಲೇ ಇತ್ತಾ ಅಂತ ಯಾರೂ ಟೆಸ್ಟ್ ಮಾಡಿಸ್ಲೇ ಇಲ್ಲ. ಆತ ಸಲಿಂಗಿ ಆಗಿದ್ದ, ಅದಕ್ಕೇ ಕಾಮನಬಿಲ್ಲಿನ ಪಟ್ಟಿ ಅಂತಾನೂ ಹೇಳ್ತಾರೆ, ಆದ್ರೆ ಸಲಿಂಗಿಗಳ ಗುರುತಾದ ಕಾಮನಬಿಲ್ಲಿನ ಬಾವುಟ ಮೊದಲು ಹಾರಿದ್ದೇ 1978ರಲ್ಲಿ, ಲೋಗೋ ಬಂದು ಒಂದು ವರ್ಷ ಆಗಿತ್ತು. ಕಚ್ಚೋ 'ಬೈಟ್'ಗೂ (bite) ಕಂಪ್ಯೂಟರಲ್ಲಿ ಮಾಹಿತಿ ಅಳೆಯೋ 'ಬೈಟ್'ಗೂ (byte) ಇರೋ ಶ್ಲೇಷೆ ಕೂಡ ಜಾನಾಫ್‌ಗೆ ಗೊತ್ತಾಗಿದ್ದು ಡ್ರಾಯಿಂಗ್ ಮುಗಿದ್ಮೇಲೆ, ಬೇರೆಯೋರು ಹೇಳಿದಾಗ.

ಹಾಗಾಗಿ ಬೆಟ್ ನಿಮ್ದೇ. ಆದ್ರೂ ಫ್ಯಾನಿನ ಕತೆ ಹಬ್ಬಿಸಿದ್ದು ಕಂಪನಿಯೇ ತಾನೇ, ಭಾವನಿಗೆ ಬಂಗಡೆಯ ಬಾಲದ ಕಡೆ ಅರ್ಧ ಕೊಡಿ.