ಚಿತ್ರದುರ್ಗದಂಥ ಒಣ ಊರಲ್ಲಿ ಸಸ್ಯವಿಜ್ಞಾನಿಗೆ ಏನು ಕೆಲಸ?

ಬಿ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬರು ಕೇಳಿದ್ದಾರೆ: "ಸಸ್ಯಶಾಸ್ತ್ರದಲ್ಲಿ ಸಂಶೋಧನೆ ಮಾಡುವ ಆಸೆ ಇದೆ. ಆದರೆ ನಮ್ಮ ದುರ್ಗದಲ್ಲಿ ಬಂಡೆ, ಜಾಲಿ ಬಿಟ್ಟರೆ ಏನಿದೆ? ಪಶ್ಚಿಮ ಘಟ್ಟಕ್ಕೇ ಹೋಗಬೇಕಾ? ದಿನಾ ಗಿಡ ನೋಡುತ್ತಾ ಕೂತರೆ ಬೇಜಾರಾಗಲ್ವಾ?"

ಘಟ್ಟಕ್ಕೆ ಹೋಗಲೇಬೇಕು ಅಂತೇನಿಲ್ಲ. ನಾನು ಇದೇ ಜಿಲ್ಲೆಯ ಗುಡ್ಡಗಳಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಏನೂ ಇಲ್ಲ ಅನ್ನುವವರು ಹೆಚ್ಚಾಗಿ ಹಗಲು ಹನ್ನೊಂದು ಗಂಟೆಗೆ ಬಂದು, ಬಿಸಿಲಿಗೆ ಹೆದರಿ ವಾಪಸ್ ಹೋದವರು. ಮಲೆನಾಡಿನಲ್ಲಿ ಯಾವಾಗ ಹೋದರೂ ಏನಾದರೂ ಕಾಣುತ್ತದೆ. ಇಲ್ಲಿ ಹೊತ್ತು ನೋಡಿಕೊಂಡು ಹೋಗಬೇಕು.

ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಮನೆ ಹಿತ್ತಲಲ್ಲಿ ಕಾಡುಬಸಳೆ ಇರಬಹುದು. ಅದರ ಎಲೆ ಬೆಳಗಿನ ಜಾವ ಚೆನ್ನಾಗಿ ಹುಳಿ ಇರುತ್ತದೆ. ಮಧ್ಯಾಹ್ನಕ್ಕೆ ಸಪ್ಪೆ. ಸಂಜೆಗೆ ಸ್ವಲ್ಪ ಕಹಿ. ಇದನ್ನು ಬರೆದಿಟ್ಟವನು ಬೆಂಜಮಿನ್ ಹೈನೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ಗಿಡಗಳ ಹುಚ್ಚು. ಟಿಪ್ಪು ಸತ್ತ ಮೇಲೆ ಕಂಪನಿಯ ಸರ್ವೇಯರ್ ಕಾಲಿನ್ ಮೆಕೆಂಜಿ ನಡೆಸಿದ ಮೈಸೂರು ಸರ್ವೆಯಲ್ಲೂ ಇದ್ದವನು. 1813ರಲ್ಲಿ ಲಂಡನ್ನಿನಲ್ಲಿ ಗಿಡ, ಪ್ರಾಣಿಗಳನ್ನು ಓದುವವರ ಸಂಘವಾದ ಲಿನಿಯನ್ ಸೊಸೈಟಿಗೆ ಈ ವಿಷಯವನ್ನು ಒಂದು ಕಾಗದದಲ್ಲಿ ಬರೆದು ತಿಳಿಸಿದ. ಅವನ ಹತ್ತಿರ ಯಾವ ಯಂತ್ರವೂ ಇರಲಿಲ್ಲ. ಒಂದೇ ಗಿಡದ ಎಲೆಯನ್ನು ಬೇರೆ ಬೇರೆ ಹೊತ್ತಲ್ಲಿ ಅಗಿದು ನೋಡಿದ, ಅಷ್ಟೆ.

ಹುಳಿಗೆ ಕಾರಣ ಮ್ಯಾಲಿಕ್ ಆಮ್ಲ. ಸಾಮಾನ್ಯವಾಗಿ ಗಿಡಗಳು ಹಗಲಲ್ಲಿ ಎಲೆಯ ಸಣ್ಣ ರಂಧ್ರ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತಗೊಳ್ಳುತ್ತವೆ. ಆದರೆ ರಂಧ್ರ ತೆರೆದರೆ ನೀರೂ ಆವಿಯಾಗಿ ಹೋಗುತ್ತದೆ. ಏಪ್ರಿಲ್ ಬಿಸಿಲಿಗೆ ಕಾದ ಬಂಡೆ ಮೇಲೆ ನಿಂತ ಗಿಡಕ್ಕೆ ಇದು ಸಾವಿನ ವ್ಯಾಪಾರ. ಹಾಗಾಗಿ ಕಾಡುಬಸಳೆಯಂಥವು ರಾತ್ರಿ ತಂಪಿನಲ್ಲಿ ರಂಧ್ರ ತೆರೆದು, ಒಳಗೆ ಬಂದದ್ದನ್ನು ಆಮ್ಲವಾಗಿ ಕೂಡಿಟ್ಟುಕೊಳ್ಳುತ್ತವೆ. ಬೆಳಗಾದ ಮೇಲೆ ಬಾಗಿಲು ಬಂದ್. ಕೂಡಿಟ್ಟ ಆಮ್ಲವನ್ನು ಒಡೆದು, ಬಿಸಿಲಿನ ಸಹಾಯದಿಂದ ಸಕ್ಕರೆ ಮಾಡಿಕೊಳ್ಳುತ್ತವೆ. ಇದನ್ನೇ ಪಠ್ಯದಲ್ಲಿ 'ಕ್ಯಾಮ್' (ಕ್ರಾಸುಲೇಶಿಯನ್ ಆಸಿಡ್ ಮೆಟಬಾಲಿಸಂ) ಅಂತ ನೀವು ಓದಿರುತ್ತೀರಿ, ಐದು ಅಂಕದ ಪ್ರಶ್ನೆಗೆ ಬಾಯಿಪಾಠವನ್ನೂ ಮಾಡಿರುತ್ತೀರಿ. ಈಗ ನಮ್ಮ ಸುತ್ತ ನೋಡಿ. ಹೊಲದ ಬದುವಿನ ಕತ್ತಾಳೆ, ಬೇಲಿಯ ಕಳ್ಳಿ, ಪಾಪಾಸುಕಳ್ಳಿ, ನಾವು ಹುಣಸೆಹಣ್ಣು ಹಾಕಿ ಚಟ್ನಿ ಮಾಡುವ ಮಂಗರವಳ್ಳಿಯ ನಾಲ್ಕು ಮೂಲೆಯ ದಂಟು, ಎಲ್ಲದಕ್ಕೂ ಇದೇ ಉಪಾಯ ಗೊತ್ತು. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ಊರುಗಳಲ್ಲಿ ನಮ್ಮ ಚಳ್ಳಕೆರೆ ಒಂದು ಅಲ್ವಾ? ಇಂಥ ಗಿಡಗಳನ್ನು ಓದಲು ಇದಕ್ಕಿಂತ ಒಳ್ಳೆ ಜಾಗ ಬೇರೆ ಬೇಕಾ?

ಇನ್ನು ದಿನಚರಿ. ಸ್ಯಾಂಪಲ್ ತೆಗೆಯುವುದು ಸೂರ್ಯ ಹುಟ್ಟುವ ಮುಂಚೆ. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಕಾಡಿನ ಕಡೆ ಕರಡಿ, ಚಿರತೆ ಎರಡೂ ಇವೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ, ಒಬ್ಬಳೇ ಹೋಗುವ ಹಾಗೂ ಇಲ್ಲ. ವಾಚರ್ ಒಬ್ಬರು ಜೊತೆಗಿರುತ್ತಾರೆ. ಐಸ್ ಡಬ್ಬಿಯಲ್ಲಿ ಎಲೆ ತುಂಬಿಕೊಂಡು ಲ್ಯಾಬಿಗೆ ಓಡಬೇಕು. ಸಂಜೆ ಅದೇ ಗಿಡಕ್ಕೆ ಮತ್ತೆ ಬರಬೇಕು. ಗುರುತಿಗೆ ಕಟ್ಟಿದ ಅಲ್ಯೂಮಿನಿಯಂ ಬಿಲ್ಲೆಗಳನ್ನು ಯಾರೋ ಬಿಚ್ಚಿಕೊಂಡು ಹೋಗಿರುತ್ತಾರೆ. ಕುರಿ ಮೇಯಿಸುವ ಅಜ್ಜಂದಿರು "ಏನವ್ವಾ, ಮತ್ತೆ ಅದೇ ಗಿಡಕ್ಕೇ ಬಂದ್ಯಲ್ಲ?" ಅಂತ ನಗುತ್ತಾರೆ. ನಗಲಿ ಬಿಡಿ. ಕಮರದ ಮರ ಯಾವಾಗ ಚಿಗುರುತ್ತದೆ, ಯಾವ ವರ್ಷ ಬೀಜ ಕಟ್ಟಲಿಲ್ಲ ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆ ಸೊಪ್ಪು ಅವರ ಕುರಿಗಳ ಮೇವು ನೋಡಿ.

ಬೇಜಾರು ಆಗುತ್ತದೆ, ಸುಳ್ಳು ಯಾಕೆ ಹೇಳಲಿ? ಗಿಡ ನೋಡುವುದರಿಂದಲ್ಲ. ಬಿಲ್ ಬರೆಯುವುದು, ಸಹಿಗೆ ಕಾಯುವುದು, ಪ್ರಬಂಧ ತಿರಸ್ಕೃತವಾಗಿ ವಾಪಸ್ ಬರುವುದು, ಇವುಗಳಿಂದ. ನೆಟ್ ಅನ್ನುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರಿಗೆ ಕೊಡುವ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಅದು ಪ್ರತಿ ತಿಂಗಳೂ ಕೈಗೆ ಬರುತ್ತದೆ ಅಂತ ನಂಬಿ ಮನೆ ಬಾಡಿಗೆ ಒಪ್ಪಿಕೊಳ್ಳಬೇಡಿ.

ನಗು ಬರಿಸುವ ಸಂಗತಿಗಳೂ ಇವೆ. ಹರ್ಬೇರಿಯಂಗೆ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಕ್ಕೆ ಅಂತ ಗಿಡವನ್ನು ಹಳೆ ಪೇಪರ್ ನಡುವೆ ಒತ್ತಿಡುತ್ತೇವೆ. ಬೇರೆ ಗಿಡಗಳು ಒಣಗುತ್ತವೆ. ಕಾಡುಬಸಳೆ ಒಣಗುವುದಿಲ್ಲ. ಪೇಪರ್ ಬದಲಿಸಲು ತೆರೆದರೆ ಎಲೆಯ ಅಂಚಲ್ಲಿ ಪುಟ್ಟ ಮರಿಗಿಡಗಳು ಬೇರು ಬಿಟ್ಟುಕೊಂಡು ಕೂತಿರುತ್ತವೆ! ಇಂಥವನ್ನು ಮೊದಲು ಕುದಿಯುವ ನೀರಲ್ಲಿ ಅದ್ದಿ ಆಮೇಲೆ ಒತ್ತಬೇಕು. ಕಾಡು ಈರುಳ್ಳಿಯದು ಇನ್ನೊಂದು ತಕರಾರು. ಬೇಸಿಗೆಯಲ್ಲಿ ಒಂದೂ ಎಲೆ ಇಲ್ಲದೆ ನೆಲದಿಂದ ಹೂಕಡ್ಡಿ ಮಾತ್ರ ಎದ್ದಿರುತ್ತದೆ, ಎಲೆ ಬರುವುದು ಆಮೇಲೆ. ಹಾಗಾಗಿ ಒಂದೇ ಗಿಡದ ಹೂವಿಗೊಂದು ಸಲ, ಎಲೆಗೊಂದು ಸಲ ಅಲ್ಲಿಗೆ ಹೋಗಬೇಕು.

ಈ ಕೆಲಸ ನಿಮಗೆ ಹಿಡಿಸುತ್ತದಾ ಅಂತ ತಿಳಿಯಲು ಪಿಎಚ್.ಡಿ.ವರೆಗೆ ಕಾಯಬೇಡಿ. ಮುಂಜಾನೆ ಐದಕ್ಕೆ ಮತ್ತು ಸಂಜೆ ಐದಕ್ಕೆ ಒಂದೇ ಕಾಡುಬಸಳೆ ಗಿಡದಿಂದ ಒಂದೇ ತೂಕದ ಎಲೆ ಕೀಳಿ. ಕಿತ್ತ ತಕ್ಷಣ ಅರೆದು, ಎರಡು ಸಲವೂ ಒಂದೇ ಅಳತೆಯ ನೀರು ಹಾಕಿ ಕುದಿಸಿ ಸೋಸಿ. ಎರಡಕ್ಕೂ ಆಮ್ಲ ಮುಗಿದಾಗ ಬಣ್ಣ ತೋರಿಸುವ ಫಿನಾಲ್ಫ್ತಲೀನ್ ಒಂದೆರಡು ಹನಿ ಹಾಕಿ, ಬ್ಯುರೆಟ್‌ನಿಂದ ಸೋಡಿಯಂ ಹೈಡ್ರಾಕ್ಸೈಡ್ ಬಿಡುತ್ತಾ ಹೋಗಿ. ತಿಳಿ ಗುಲಾಬಿ ಬಣ್ಣ ನಿಲ್ಲುವವರೆಗೆ ಬೆಳಗಿನ ರಸಕ್ಕೆ ಜಾಸ್ತಿ ಬೇಕಾಗುತ್ತದೆ, ಅಂದರೆ ಅದರಲ್ಲಿ ಆಮ್ಲ ಜಾಸ್ತಿ. ನಿಮ್ಮ ಕಾಲೇಜು ಲ್ಯಾಬಿನಲ್ಲಿ ಇವೆಲ್ಲ ಇದ್ದೇ ಇರುತ್ತವೆ. ಆಮೇಲೆ ಮಂಗರವಳ್ಳಿ ದಂಟಿನಲ್ಲಿ ಮಾಡಿ, ಒಂದು ಮಳೆ ಬಿದ್ದ ವಾರ ಮತ್ತೊಮ್ಮೆ ಮಾಡಿ ಹೋಲಿಸಿ. ಹೈನೆ ಹಾಗೆ ಅಗಿದು ನೋಡಲು ಹೋಗಬೇಡಿ, ಕಳ್ಳಿಯನ್ನಂತೂ ಖಂಡಿತ ಬೇಡ. ಅದರ ಹಾಲು ಕಣ್ಣಿಗೆ ತಾಗಿದರೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ. ನಿಮಗೆ ಬಂದ ಅಂಕಿಗಳನ್ನು ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.