ಕೇಳಿ, ಹೇಳ್ತೀನಿ: ಕನಕಪುರ ಲೋಕಸಭಾ ಕ್ಷೇತ್ರ ಎಲ್ಲಿಗೆ ಹೋಯಿತು?

ಕಳೆದ ಸಂಚಿಕೆಯ ಒಂದು ಉತ್ತರದಲ್ಲಿ 'ಕನಕಪುರ ಲೋಕಸಭಾ ಕ್ಷೇತ್ರ' ಅಂತ ಬರೆದಿದ್ದೆ. ಅಷ್ಟಕ್ಕೇ ಪತ್ರಗಳು ಶುರು. ಅಂಥ ಕ್ಷೇತ್ರವೇ ಇಲ್ಲ ಅಂತ ಹುಡುಗರು, ನಾವು ಅಲ್ಲೇ ಮತ ಹಾಕಿದವರು ಅಂತ ಹಿರಿಯರು. ಇಬ್ಬರು ಹೇಳುವುದೂ ನಿಜ. ಆ ಕಡೆಯ ಹೈಸ್ಕೂಲುಗಳಲ್ಲಿ ಮೇಷ್ಟ್ರಾಗಿದ್ದು, ಚುನಾವಣೆ ಬಂದಾಗಲೆಲ್ಲ ಬೂತ್ ಡ್ಯೂಟಿಗೆ ಹೋದವನು ನಾನು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದನ್ನೇ ಹಿಡಿದುಕೊಂಡಿದ್ದೇನೆ.

ಪ್ರಶ್ನೆ: ಕನಕಪುರ ವಿಧಾನಸಭಾ ಕ್ಷೇತ್ರ ಗೊತ್ತು. ಲೋಕಸಭೆಗೂ ಆ ಹೆಸರಿನ ಕ್ಷೇತ್ರ ಇತ್ತಾ? ಯಾವಾಗ? — ಕಾಲೇಜು ವಿದ್ಯಾರ್ಥಿ, ಹಾರೋಹಳ್ಳಿ

ಇತ್ತು. 1967ರ ಚುನಾವಣೆಯಲ್ಲಿ ಶುರುವಾಗಿ 2004ರ ಚುನಾವಣೆಯವರೆಗೆ. ಮೊದಲ ಸಂಸದರು ಎಂ.ವಿ. ರಾಜಶೇಖರನ್. ನಿಮ್ಮ ಪಕ್ಕದ ಮರಳವಾಡಿಯವರು, ಎಸ್. ನಿಜಲಿಂಗಪ್ಪನವರ ಅಳಿಯ. 1969ರಲ್ಲಿ ಕಾಂಗ್ರೆಸ್ ಒಡೆಯಿತು. ಮಾವ ಒಂದು ಬಣದ ಮುಂದಾಳು, ಎದುರಿಗೆ ಇಂದಿರಾ ಗಾಂಧಿ. 1971ರಲ್ಲಿ ಇಂದಿರಾ ಕಾಂಗ್ರೆಸ್ಸು ನಮ್ಮ ರಾಜ್ಯದ 27ಕ್ಕೆ 27 ಸೀಟನ್ನೂ ಬಾಚಿಕೊಂಡಿತು. ಆಗ ಕನಕಪುರದಿಂದ ಗೆದ್ದವರು ಸಿ.ಕೆ. ಜಾಫರ್ ಷರೀಫ್. ಮುಂದೆ ರೈಲ್ವೆ ಮಂತ್ರಿಯಾಗಿ ಮೀಟರ್ ಗೇಜ್ ಹಳಿಗಳನ್ನು ಬ್ರಾಡ್ ಗೇಜ್ ಮಾಡಿಸಿದ ಅದೇ ಷರೀಫರು. ಅವರು ಮೊದಲು ಲೋಕಸಭೆಗೆ ಹೋದದ್ದು ಕನಕಪುರದಿಂದ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಆಮೇಲೆ ಅವರು ಬೆಂಗಳೂರು ಉತ್ತರಕ್ಕೆ ಹೋದರು.

ಪ್ರಶ್ನೆ: ನಾವು ಪಕ್ಕಾ ಬೆಂಗಳೂರಿನವರು. ಆದರೆ ಅಪ್ಪ ತಾವು ಕನಕಪುರದ ಎಂಪಿಗೆ ಮತ ಹಾಕುತ್ತಿದ್ದೆವು ಅನ್ನುತ್ತಾರೆ. ಸುಮ್ನೆ ಹೇಳುತ್ತಿದ್ದಾರಾ? — ಗೃಹಿಣಿ, ಪದ್ಮನಾಭನಗರ

ಅಪ್ಪ ಹೇಳುವುದು ನಿಜ. ನಿಮ್ಮ ಬಡಾವಣೆ ಆಗ ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿತ್ತು, ಉತ್ತರಹಳ್ಳಿ ಕನಕಪುರ ಲೋಕಸಭೆಯಲ್ಲಿತ್ತು. ಇಡೀ ಕಥೆಯ ಗುಟ್ಟು ಇರುವುದೇ ಇಲ್ಲಿ. ಹೆಸರು ಕೇಳಿದರೆ ರೇಷ್ಮೆ, ರಾಗಿ, ಬಂಡೆ, ಮೇಕೆದಾಟು ನೆನಪಾಗುತ್ತೆ. ಕನಕಪುರ, ಸಾತನೂರು, ರಾಮನಗರ, ಮಾಗಡಿ, ಚನ್ನಪಟ್ಟಣ ಎಲ್ಲ ಅದರಲ್ಲೇ ಇದ್ದವು, ಅದೂ ಸರಿ. ಆದರೆ ಬೆಂಗಳೂರಿನ ಸೆರಗಿನ ಆನೇಕಲ್ಲೂ ಉತ್ತರಹಳ್ಳಿಯೂ ಅದರಲ್ಲೇ ಇದ್ದವು.

ಉತ್ತರಹಳ್ಳಿ ಅಂದರೆ ಸಾಮಾನ್ಯದ್ದಲ್ಲ. ಮತದಾರರ ಲೆಕ್ಕದಲ್ಲಿ ಆಗ ರಾಜ್ಯದಲ್ಲೇ ಅತಿ ದೊಡ್ಡ ವಿಧಾನಸಭಾ ಕ್ಷೇತ್ರವಾಗಿತ್ತು ಅದು. ನಗರ ಬೆಳೆದ ಹಾಗೆಲ್ಲ ಉಬ್ಬುತ್ತಲೇ ಹೋಯಿತು. ಕ್ಷೇತ್ರದ ಗಡಿ ಮಾತ್ರ 1970ರ ದಶಕದಲ್ಲಿ ಎಳೆದದ್ದೇ. ಹಳ್ಳಿಯ ಹೆಸರಿನ ಲೋಕಸಭಾ ಕ್ಷೇತ್ರದಲ್ಲಿ ಬಿಡಿಎ ಸೈಟಿನವರು, ಬಾಡಿಗೆ ಮನೆಯವರು, ಫ್ಯಾಕ್ಟರಿ ಕೆಲಸದವರು ವರ್ಷವರ್ಷ ಜಾಸ್ತಿಯಾದರು. ಸಾತನೂರು ಕಡೆ ಕಾಳೆಗ ನೋಡಿ ಫಲಿತಾಂಶ ಊಹಿಸಿದವರು ಎಣಿಕೆಯ ದಿನ ಬಾಯಿ ಮುಚ್ಚಿಕೊಂಡದ್ದು ಇದಕ್ಕೇ.

ಪ್ರಶ್ನೆ: ಕನಕಪುರ ನಿಜವಾಗಿ ಯಾರ ಕೋಟೆ? ಗೌಡರದ್ದಾ, ಡಿಕೆ ಸಹೋದರರದ್ದಾ? — ಕಿರಾಣಿ ಅಂಗಡಿಯವರು, ಮಾಗಡಿ

ಲೋಕಸಭೆಯ ಮಾತಾದರೆ ಯಾರದ್ದೂ ಅಲ್ಲ. ಟಿವಿ ನೋಡಿ ನೋಡಿ ನಮಗೆ ಎಲ್ಲ ಕಡೆ ಕೋಟೆಯೇ ಕಾಣುತ್ತೆ. ಆ ಕ್ಷೇತ್ರದಲ್ಲಿ ಅತಿ ಹೆಚ್ಚು ಸಲ ಗೆದ್ದವರ ಹೆಸರು ಇವತ್ತು ಹತ್ತು ಜನರನ್ನು ಕೇಳಿದರೆ ಒಬ್ಬರು ಹೇಳಿದರೆ ಹೆಚ್ಚು. ಎಂ.ವಿ. ಚಂದ್ರಶೇಖರಮೂರ್ತಿ. 1977, 1980, 1984, 1989, 1991, ಮತ್ತೆ 1999. ಒಟ್ಟು ಆರು ಸಲ, ಎಲ್ಲವೂ ಕಾಂಗ್ರೆಸ್ಸಿನಿಂದ. ನರಸಿಂಹರಾವ್ ಸರ್ಕಾರದಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರೂ ಆಗಿದ್ದರು. ಅವರನ್ನು ಬಿಟ್ಟರೆ ಕನಕಪುರದಿಂದ ಎರಡನೇ ಸಲ ಲೋಕಸಭೆಗೆ ಗೆದ್ದವರೇ ಇಲ್ಲ.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು 1984. ಆಗ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಅವರು ಶಾಸಕರಾಗಿದ್ದದ್ದು ಎಲ್ಲಿಂದ? ಇದೇ ಕನಕಪುರದಿಂದ. 1983ರಲ್ಲಿ ಮುಖ್ಯಮಂತ್ರಿಯಾದಾಗ ಅವರು ಶಾಸಕರೇ ಆಗಿರಲಿಲ್ಲ. ಪಿ.ಜಿ.ಆರ್. ಸಿಂಧ್ಯಾ ತಾವು ಗೆದ್ದ ಸೀಟನ್ನು ಬಿಟ್ಟುಕೊಟ್ಟರು. ಹೀಗೆ ಮುಖ್ಯಮಂತ್ರಿಯ ಸ್ವಂತ ಕ್ಷೇತ್ರವನ್ನು ಹೊಟ್ಟೆಯಲ್ಲಿಟ್ಟುಕೊಂಡ ಲೋಕಸಭಾ ಕ್ಷೇತ್ರ 1984ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ಸನ್ನು ಗೆಲ್ಲಿಸಿ ಕಳಿಸಿತು! ರಾಜ್ಯದ 28ರಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬಂದರು. 1985ರ ಮಾರ್ಚಿನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಸೀಟು ಕೊಟ್ಟರು. ಅದೇ ಚುನಾವಣೆಯಲ್ಲಿ ಎಚ್.ಡಿ. ದೇವೇಗೌಡರು ಹೊಳೆನರಸೀಪುರದ ಜತೆಗೆ ಸಾತನೂರಿನಲ್ಲೂ ನಿಂತು ಗೆದ್ದರು. ಅಲ್ಲಿ ಸೋತ ಹುಡುಗ ಡಿ.ಕೆ. ಶಿವಕುಮಾರ್. ಈಗಿನ ಜಗಳಕ್ಕೆ ಬೀಜ ಬಿದ್ದದ್ದು ಅಲ್ಲಿ. ಆದರೆ ಗಮನಿಸಿ, ಅದು ವಿಧಾನಸಭೆಯ ಜಗಳ. ಲೋಕಸಭೆಗೆ ಅದು ಬಂದದ್ದು ಬಹಳ ತಡವಾಗಿ.

1989ರಲ್ಲಿ ಎರಡೂ ಚುನಾವಣೆ ಒಟ್ಟಿಗೆ. ನಾನು ಕನಕಪುರ ತಾಲ್ಲೂಕಿನ ಒಂದು ಶಾಲೆಯ ಬೂತಿನಲ್ಲಿ ಕೂತಿದ್ದೆ. ಲೋಕಸಭೆಗೆ ಬಿಳಿ ಮತಪತ್ರ, ವಿಧಾನಸಭೆಗೆ ಗುಲಾಬಿ ಬಣ್ಣದ್ದು. ರಬ್ಬರ್ ಮುದ್ರೆ ಒತ್ತಿ ಮೊದಲು ಉದ್ದಕ್ಕೆ ಮಡಿಸಬೇಕು, ಆಮೇಲೆ ಅಡ್ಡಕ್ಕೆ. ಮೊದಲೇ ಅಡ್ಡ ಮಡಿಸಿದರೆ ಹಸಿ ಮಸಿ ಇನ್ನೊಬ್ಬ ಅಭ್ಯರ್ಥಿಯ ಸಾಲಿಗೆ ಅಂಟಿ ಎಣಿಕೆಯಲ್ಲಿ ತಕರಾರು. ಇದನ್ನು ಬೆಳಗಿಂದ ಸಂಜೆವರೆಗೆ ಖಾಲಿ ಹಾಳೆ ಹಿಡಿದು ತೋರಿಸಿ ತೋರಿಸಿ ನನ್ನ ಗಂಟಲು ಕಟ್ಟಿತ್ತು. ಮತ ಗುಟ್ಟಿನದು, ಯಾರು ಯಾರಿಗೆ ಹಾಕಿದರು ಅಂತ ಬೂತಿನಲ್ಲಿ ಗೊತ್ತಾಗಲ್ಲ. ಆದರೆ ವಾರ ಕಳೆದ ಮೇಲೆ ಟೀ ಅಂಗಡಿಯಲ್ಲಿ ಜನ ತಾವಾಗಿಯೇ ಹೇಳುತ್ತಿದ್ದರು: 'ಬಿಳೀದು ಕೈಗೆ, ಗುಲಾಬೀದು ಚಕ್ರಕ್ಕೆ.' ಎಣಿಕೆಯೂ ಹಾಗೇ ಬಂತು. ಲೋಕಸಭೆಗೆ ಕಾಂಗ್ರೆಸ್ಸಿನ ಮೂರ್ತಿ, ಕನಕಪುರ ವಿಧಾನಸಭೆಗೆ ಜನತಾದಳದ ಸಿಂಧ್ಯಾ. ರಾಜ್ಯದಲ್ಲಿ ಕಾಂಗ್ರೆಸ್ 178 ಗೆದ್ದ ವರ್ಷ ಅದು. ಪಕ್ಕದ ಸಾತನೂರಿನಲ್ಲಿ ಶಿವಕುಮಾರ್ ಮೊದಲ ಸಲ ಶಾಸಕರಾದದ್ದೂ ಅದೇ ವರ್ಷ. ಇಷ್ಟು ಲೆಕ್ಕ ಹಾಕಿ ಮತ ಹಾಕುವವರ ಊರನ್ನು ಕೋಟೆ ಅನ್ನುವುದು ಅವರಿಗೆ ಮಾಡುವ ಅವಮಾನ ಅಲ್ವಾ?

ಪ್ರಶ್ನೆ: ದೇವೇಗೌಡರು ಪ್ರಧಾನಿಯಾದಾಗ ಕನಕಪುರದ ಸಂಸದರಾಗಿದ್ದರು ಅಂತ ಒಬ್ಬರು ವಾದ ಮಾಡಿದರು. ನಿಜವೇ? — ಆಟೋ ಚಾಲಕ, ರಾಮನಗರ

ಅಲ್ಲ. ವಾದದಲ್ಲಿ ನೀವು ಗೆದ್ದಿರಿ. 1996ರಲ್ಲಿ ಕನಕಪುರದಿಂದ ಗೆದ್ದದ್ದು ಮಗ ಎಚ್.ಡಿ. ಕುಮಾರಸ್ವಾಮಿ. ಅದು ಅವರ ಮೊದಲ ಚುನಾವಣಾ ಗೆಲುವು. ತಂದೆ ಆಗ ಮುಖ್ಯಮಂತ್ರಿ, ಜೂನ್ 1ಕ್ಕೆ ಪ್ರಧಾನಿ. ಲೋಕಸಭೆಗೆ ನಿಂತಿರಲೇ ಇಲ್ಲ, ಆಮೇಲೆ ರಾಜ್ಯಸಭೆಗೆ ಹೋದರು. ಹಾಗಾಗಿ ಒಂದು ತಮಾಷೆಯ ಸ್ಥಿತಿ. ಪ್ರಧಾನಿಗೆ ಲೋಕಸಭೆಯಲ್ಲಿ ಕೂತು ಮಾತಾಡುವ ಹಕ್ಕಿತ್ತು, ಮತ ಹಾಕುವ ಹಕ್ಕಿರಲಿಲ್ಲ. ಕನಕಪುರದ ಸಂಸದರಾದ ಮಗನಿಗೆ ಇತ್ತು. ಮುಂದಿನ ಚುನಾವಣೆ 1998ರಲ್ಲಿ. ಆಗ ಬಿಜೆಪಿಯ ಎಂ. ಶ್ರೀನಿವಾಸ್ ಗೆದ್ದರು, ಕುಮಾರಸ್ವಾಮಿ ಸೋತರು. ಮರುವರ್ಷವೇ ಮತ್ತೆ ಚುನಾವಣೆ, ಮತ್ತೆ ಮೂರ್ತಿಯವರು. ಮೂರು ವರ್ಷದಲ್ಲಿ ಮೂರು ಪಕ್ಷ!

ಪ್ರಶ್ನೆ: ಮಾಜಿ ಪ್ರಧಾನಿಯನ್ನೇ ಟಿವಿಯ ಹೆಣ್ಣುಮಗಳೊಬ್ಬಳು ಸೋಲಿಸಿದ ಕಥೆ ಹೇಳಿ. — ನಿವೃತ್ತ ನೌಕರರು, ಚನ್ನಪಟ್ಟಣ

ಅದಕ್ಕೆ ಎರಡು ವರ್ಷ ಹಿಂದಿನಿಂದ ಶುರು ಮಾಡಬೇಕು. ಮೂರ್ತಿಯವರು ತೀರಿಕೊಂಡು 2002ರಲ್ಲಿ ಉಪಚುನಾವಣೆ ಬಂತು. 1999ರಲ್ಲಿ ಹಾಸನದಲ್ಲಿ ಸೋತು ಮನೆಯಲ್ಲಿದ್ದ ದೇವೇಗೌಡರು ಇಲ್ಲಿ ನಿಂತರು. ಎದುರಿಗೆ ಎಸ್.ಎಂ. ಕೃಷ್ಣ ಸರ್ಕಾರದ ಮಂತ್ರಿ ಡಿ.ಕೆ. ಶಿವಕುಮಾರ್. ಇಡೀ ಸರ್ಕಾರ ಕನಕಪುರ ರಸ್ತೆಗೆ ಇಳಿದಿತ್ತು. ಗೌಡರು ಗೆದ್ದರು. 1985ರ ಸಾತನೂರು ಮತ್ತೆ ನಡೆದ ಹಾಗಿತ್ತು. ಗೌಡರ ರಾಜಕೀಯಕ್ಕೆ ಮತ್ತೆ ಜೀವ ಬಂದದ್ದು ಆ ಗೆಲುವಿನಿಂದಲೇ ಅನ್ನುವುದು ನನ್ನ ಅಭಿಪ್ರಾಯ.

2004ರಲ್ಲಿ ಗೌಡರು ಹಾಸನ, ಕನಕಪುರ ಎರಡರಲ್ಲೂ ನಿಂತರು. ಕಾಂಗ್ರೆಸ್ ಪತ್ರಕರ್ತೆ ತೇಜಸ್ವಿನಿಯವರನ್ನು ನಿಲ್ಲಿಸಿತು. ಟಿವಿಯಲ್ಲಿ ಕಂಡ ಮುಖ, ರಾಜಕೀಯಕ್ಕೆ ಹೊಸಬರು. ಹಿಂದೆ ಶಿವಕುಮಾರ್ ನಿಂತು ಕೆಲಸ ಮಾಡಿದರು. ಬಿಜೆಪಿಯಿಂದ ರಾಮಚಂದ್ರಗೌಡ. ತೇಜಸ್ವಿನಿ ಲಕ್ಷ ದಾಟಿದ ಅಂತರದಲ್ಲಿ ಗೆದ್ದರು. ಎಲ್ಲರೂ ಅದನ್ನೇ ಹೇಳುತ್ತಾರೆ. ನಾನು ಹೇಳುವುದು ಇನ್ನೊಂದು: ಗೌಡರು ಎರಡನೆಯವರೂ ಆಗಲಿಲ್ಲ, ಮೂರನೆಯವರಾದರು. ಎರಡನೇ ಜಾಗ ಬಿಜೆಪಿಗೆ. ಆಗ ಹಳ್ಳಿ ಕಡೆ ಬಿಜೆಪಿಗೆ ಏನಿತ್ತು? ಆ ಮತಗಳ ದೊಡ್ಡ ಪಾಲು ಉತ್ತರಹಳ್ಳಿಯ ಕಡೆಯದು. ಅಲ್ಲಿನ ಶಾಸಕರು ಆಗ ಬಿಜೆಪಿಯ ಆರ್. ಅಶೋಕ್. ಹಳ್ಳಿಯಲ್ಲಿ ಗೌಡರ ಕೋಪ, ಡಿಕೆಯವರ ಹಟ ಅಂತ ಏನೇ ಕಥೆ ಹೇಳಿ, ಬೆಂಗಳೂರಿನ ಸೈಟುಗಳನ್ನು ಬಿಟ್ಟು ಆ ಫಲಿತಾಂಶ ಅರ್ಥವಾಗಲ್ಲ.

ಹಾಸನ ಗೌಡರ ಕೈಹಿಡಿಯಿತು. ರಾಜ್ಯದಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಕನಕಪುರದಲ್ಲಿ ಮುಖ ನೋಡದ ಹಾಗೆ ಕಾದಾಡಿದ ಎರಡು ಪಕ್ಷಗಳೂ ಸೇರಿ ಧರ್ಮಸಿಂಗ್ ಸರ್ಕಾರ ಮಾಡಿದವು. ಕಾರ್ಯಕರ್ತರು ಮಾತ್ರ ಊರೂರಲ್ಲಿ ಮಾತು ಬಿಟ್ಟುಕೊಂಡು ಕೂತಿದ್ದರು.

ಪ್ರಶ್ನೆ: ನಮ್ಮದು ತುಮಕೂರು ಜಿಲ್ಲೆ. ನಮ್ಮನ್ನು ಯಾಕೆ ಬೆಂಗಳೂರು ಗ್ರಾಮಾಂತರಕ್ಕೆ ಸೇರಿಸಿದರು? ಯಾರನ್ನು ಕೇಳಿ ಸೇರಿಸಿದರು? — ರೈತರು, ಕುಣಿಗಲ್

ಲೆಕ್ಕವನ್ನು ಕೇಳಿ ಸೇರಿಸಿದರು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಡಿಲಿಮಿಟೇಶನ್ ಆಯೋಗ, ಅಂದರೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆಯುವ ಆಯೋಗ, 2001ರ ಜನಗಣತಿ ಇಟ್ಟುಕೊಂಡು ಕೂತಿತು. ರಾಜ್ಯದ ಜನ ಸುಮಾರು 5.28 ಕೋಟಿ, ಲೋಕಸಭೆಯ ಸೀಟು 28. ಒಂದಕ್ಕೆ ಹತ್ತಿರ ಹತ್ತಿರ 19 ಲಕ್ಷ ಜನ ಬರಬೇಕು. ವಿಧಾನಸಭೆಯ 224ನ್ನು 28ರಿಂದ ಭಾಗಿಸಿದರೆ ಎಂಟು. ಎಂಟೆಂಟು ಸೇರಿಸಿ ಒಂದೊಂದು ಲೋಕಸಭಾ ಕ್ಷೇತ್ರ. ಅಣ್ಣತಮ್ಮಂದಿರು ಹೊಲ ಹಿಸ್ಸೆ ಮಾಡಿಕೊಂಡ ಹಾಗೆ, ಅಳತೆ ಸರಿಹೋದರೆ ಸಾಕು, ಬೇವಿನಮರ ಯಾರ ಪಾಲಿಗೆ ಬಂತು ಅಂತ ನೋಡುವವರಿಲ್ಲ. ಉತ್ತರಹಳ್ಳಿ ಚೂರಾಗಿ ಹಲವು ಕ್ಷೇತ್ರಗಳಿಗೆ ಹಂಚಿಹೋಯಿತು. ಸಾತನೂರು ಕನಕಪುರದೊಳಗೆ ಕರಗಿತು. ಶಿವಕುಮಾರ್ 2008ರಿಂದ ಕನಕಪುರದ ಶಾಸಕರಾದದ್ದು ಅದಕ್ಕೇ. ಎಂಟರ ಲೆಕ್ಕ ತುಂಬಿಸಲು ನಿಮ್ಮ ಕುಣಿಗಲ್ ಬಂತು. ಕುಣಿಗಲ್, ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ, ಆನೇಕಲ್, ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣ, ಈ ಎಂಟಕ್ಕೆ ಬೆಂಗಳೂರು ಗ್ರಾಮಾಂತರ ಅಂತ ಹೆಸರಿಟ್ಟರು. ಅದರಲ್ಲಿ ದೇವನಹಳ್ಳಿಯೂ ಇಲ್ಲ, ದೊಡ್ಡಬಳ್ಳಾಪುರವೂ ಇಲ್ಲ. ಆ ಹೆಸರಿನ ಈಗಿನ ಜಿಲ್ಲೆಗೂ ಈ ಕ್ಷೇತ್ರಕ್ಕೂ ಸಂಬಂಧವೇ ಇಲ್ಲ. ಕನಕಪುರ ಅಂತಲೇ ಉಳಿಸಿದ್ದರೆ ಗಂಟೇನು ಹೋಗುತ್ತಿತ್ತು?

ಇನ್ನು ಕೇಳುವ ವಿಷಯ. ಆಯೋಗ ಸಾರ್ವಜನಿಕ ಸಭೆ ಮಾಡಿ ಆಕ್ಷೇಪಣೆ ತಗೊಳ್ಳುತ್ತೆ. ಸಂಸದರು, ಶಾಸಕರು ಕೆಲವರು ಜತೆಗೆ ಕೂರುತ್ತಾರೆ, ಆದರೆ ಅವರಿಗೆ ಮತ ಇಲ್ಲ. ಆದೇಶ ಹೊರಬಿದ್ದ ಮೇಲೆ ಅದಕ್ಕೆ ಕಾನೂನಿನ ಬಲ. ಆದೇಶ ಜಾರಿಗೆ ಬಂದದ್ದು 2008ರ ಫೆಬ್ರುವರಿಯಲ್ಲಿ. ಆ ಮೇ ತಿಂಗಳ ವಿಧಾನಸಭಾ ಚುನಾವಣೆ ಹೊಸ ಗಡಿಯಲ್ಲೇ ನಡೆಯಿತು. ಲೋಕಸಭೆ ಮಾತ್ರ 2009ರವರೆಗೆ ಹಳೆಯದೇ. ಹಾಗಾಗಿ ಒಂದು ವರ್ಷ ಶಾಸಕರು ಹೊಸ ನಕ್ಷೆಯವರು, ಸಂಸದೆ ಹಳೇ ನಕ್ಷೆಯವರು. ಯಾವ ಅರ್ಜಿ ಯಾರ ಬಳಿಗೆ ಅಂತ ಜನ ಒದ್ದಾಡಿದ್ದನ್ನು ನಾನೇ ಕಂಡಿದ್ದೇನೆ.

ಹೊಸ ಕ್ಷೇತ್ರದ ಕಥೆ ನಿಮಗೇ ಗೊತ್ತಿದೆ. 2009ರಲ್ಲಿ ಕುಮಾರಸ್ವಾಮಿ, 2013ರ ಉಪಚುನಾವಣೆಯಿಂದ ಡಿ.ಕೆ. ಸುರೇಶ್, 2024ರಲ್ಲಿ ಬಿಜೆಪಿಯ ಡಾ. ಸಿ.ಎನ್. ಮಂಜುನಾಥ್. ಮುಂದಿನ ಹಿಸ್ಸೆ 2026ರ ನಂತರದ ಮೊದಲ ಜನಗಣತಿ ಆದ ಮೇಲೆ. ಆಕ್ಷೇಪಣೆ ಇದ್ದರೆ ಆಯೋಗದ ಸಭೆಗೆ ಬರವಣಿಗೆಯಲ್ಲಿ ತಗೊಂಡು ಹೋಗಿ. ಟೀ ಅಂಗಡಿಯಲ್ಲಿ ಹೇಳಿದ್ದು ಕಡತಕ್ಕೆ ಹೋಗಲ್ಲ.

ಪ್ರಶ್ನೆ: ನನ್ನ ಹಳೇ ವೋಟರ್ ಕಾರ್ಡಿನಲ್ಲಿ ಸಾತನೂರು ವಿಧಾನಸಭಾ ಕ್ಷೇತ್ರ ಅಂತ ಇದೆ. ಅಂಥ ಕ್ಷೇತ್ರ ಈಗಿಲ್ಲ. ಕಾರ್ಡು ರದ್ದಾ? — ಹಿರಿಯ ನಾಗರಿಕರು, ಸಾತನೂರು ಹೋಬಳಿ

ಕ್ಷೇತ್ರ ಹೋಯಿತು ಅಂತ ಕಾರ್ಡು ರದ್ದಾಗಲ್ಲ. ಅದು ನೀವು ನೀವೇ ಅಂತ ತೋರಿಸುವ ಗುರುತು, ಅಷ್ಟೇ. ಮತ ಹಾಕಲು ಬೇಕಾದದ್ದು ಪಟ್ಟಿಯಲ್ಲಿ ಹೆಸರು. ಕಾರ್ಡಿನ ನಂಬರು ಹಿಡಿದು ಈಗಿನ ಕನಕಪುರ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿದೆಯಾ ಅಂತ ನಿಮ್ಮ ಬೂತ್ ಮಟ್ಟದ ಅಧಿಕಾರಿಯ ಹತ್ತಿರ ನೋಡಿಸಿ. ಇಲ್ಲದಿದ್ದರೆ ಫಾರಂ 6 ತುಂಬಿ ಕೊಡಿ. ವಿಳಾಸ ಬದಲಾಗಿದ್ದರೆ, ಫೋಟೋ ಮಸುಕಾಗಿದ್ದರೆ ಫಾರಂ 8. ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಡಿ, ಆಗ ಅವರ ಹತ್ತಿರ ಜಾತ್ರೆ ಇರುತ್ತೆ.