ಮೆಟಾಲಿಕಾದ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ಬೇಸ್ ಕೇಳಿಸುತ್ತಿಲ್ಲ: ಹೆಡ್‌ಫೋನ್ ಹಾಳಾಗಿದೆಯೇ?

ಬಹುಶಃ ಹೆಡ್‌ಫೋನ್ ಸರಿಯಾಗಿಯೇ ಇದೆ. ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ 1988ರ ಆ ಆಲ್ಬಮ್ಮಿನ ಮಿಕ್ಸಿಂಗ್‌ನಲ್ಲೇ, ಅಂದರೆ ವಾದ್ಯಗಳ ಸದ್ದನ್ನು ಹೊಂದಿಸಿ ಬೆರೆಸುವಾಗಲೇ, ಜೇಸನ್ ನ್ಯೂಸ್ಟೆಡ್ ನುಡಿಸಿದ ಬೇಸ್ ಗಿಟಾರನ್ನು ತೀರಾ ತಗ್ಗಿಸಿದ್ದಾರೆ. ಮಿಕ್ಸ್ ಮಾಡಿದ ಸ್ಟೀವ್ ಥಾಂಪ್ಸನ್, ಬ್ಯಾಂಡಿನವರೇ ಹಾಗೆ ಮಾಡಿಸಿದರು ಎಂದಿದ್ದಾರೆ. ಜೊತೆಗೆ ಜೇಸನ್ ಬಹುಪಾಲು ಬ್ಯಾಂಡಿನ ಗಾಯಕ, ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್‌ರ ರಿದಂ ಗಿಟಾರಿನ ಸ್ವರಗಳನ್ನೇ ಹಿಂಬಾಲಿಸಿದ್ದರಿಂದ, ಇದ್ದಷ್ಟು ಬೇಸ್ ಕೂಡ ಅದರಡಿ ಮುಚ್ಚಿಹೋಗುತ್ತದೆ. 1986ರಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ತೀರಿಕೊಂಡ, ಬ್ಯಾಂಡಿನ ಹಿಂದಿನ ಬೇಸ್ ವಾದಕ ಕ್ಲಿಫ್ ಬರ್ಟನ್ ಜಾಗಕ್ಕೆ ಬಂದ ಹುಡುಗನ ಮೊದಲ ಪೂರ್ಣ ಆಲ್ಬಮ್ ಇದು. ನನಗೆ ಇವತ್ತಿಗೂ ಬೇಸರವಾಗುವುದು ಅದಕ್ಕೇ.

ಆದರೂ ಹೆಡ್‌ಫೋನ್ ಒಮ್ಮೆ ಪರೀಕ್ಷಿಸಿ. ಇದೇ ಬ್ಯಾಂಡಿನ 1991ರ ಕಪ್ಪು ಹೊದಿಕೆಯ ಆಲ್ಬಮ್ ಹಾಕಿ. ಅದರಲ್ಲಿ ಬೇಸ್ ಸ್ಪಷ್ಟವಾಗಿದೆ. ಅಲ್ಲೂ ಕೇಳಿಸದಿದ್ದರೆ ದೋಷ ಹೆಡ್‌ಫೋನಿನದೋ ಫೋನಿನದೋ ಇರಬಹುದು. ಬೇರೊಂದು ಹೆಡ್‌ಫೋನ್ ಹಾಕಿ ನೋಡಿದರೆ ಗೊತ್ತಾಗುತ್ತದೆ.

1991ರ ಆಲ್ಬಮ್ಮಿನಲ್ಲಿ ಬೇಸ್ ಕೇಳಿಸಿದರೆ ಈಕ್ವಲೈಜರ್‌ನಲ್ಲಿ ಬೇಸ್ ಏರಿಸಲು ಹೋಗಬೇಡಿ. ಗಿಟಾರಿನ ದಪ್ಪ ಸದ್ದು, ಕಿಕ್ ಡ್ರಮ್ ಎರಡೂ ಉಬ್ಬುತ್ತವೆಯೇ ಹೊರತು ಜೇಸನ್ ಮೇಲೆ ಬರುವುದಿಲ್ಲ. ಇದೇ ‘ಜಸ್ಟಿಸ್’ ಆಲ್ಬಮ್ಮಿನ ಸದ್ದನ್ನು ತಿದ್ದಿ ಹೊರತಂದ 2018ರ ರೀಮಾಸ್ಟರ್‌ಗೂ ದುಡ್ಡು ಹಾಕಬೇಡಿ, ಹಳೆಯ ಮಿಕ್ಸನ್ನೇ ಉಳಿಸಿಕೊಂಡಿದ್ದಾರೆ.

ಬದಲಿಗೆ 1993ರ ಲೈವ್ ಸಂಗ್ರಹದಲ್ಲಿರುವ 1989ರ ಸಿಯಾಟಲ್ ಕಾರ್ಯಕ್ರಮ ನೋಡಿ, ಅದು ಇದೇ ಆಲ್ಬಮ್ಮಿನ ಪ್ರವಾಸದ್ದು. ಸ್ಟುಡಿಯೊ ಆವೃತ್ತಿಯೇ ಬೇಕೆಂದರೆ, ಅಭಿಮಾನಿಗಳು ಬೇಸ್ ಎತ್ತಿ ಮಾಡಿದ ರೀಮಿಕ್ಸ್‌ಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಮೊದಲು ಈ ಆಲ್ಬಮ್ಮಿನ ‘ಬ್ಲಾಕನ್ಡ್’ ಹಾಡು ಕೇಳಿ, ಅದರ ರಚನೆಯಲ್ಲಿ ಜೇಸನ್ ಪಾಲೂ ಇದೆ.